ಗಿರಣಿ ಚಾಲೂ ಐತಿ

ನಿಮ್ಮ ಹತ್ತಿರ ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ನನ್ನ ಹೆಂಡತಿ ಮಾಡಿದ ಆಲ್ಬಮ್ಮನ್ನು ಪೂರ್ತಿ ಕೇಳಿದ್ದೇನೆಂದು ಅವಳಿಗೆ ಹೇಳಿದ್ದೆ. ಕೇಳಿರಲಿಲ್ಲ. ನಲವತ್ತೊಂದು ನಿಮಿಷದ ಆಲ್ಬಮ್ಮಿನಲ್ಲಿ ನಾನು ಕೇಳಿದ್ದು ನಾಲ್ಕೇ ನಿಮಿಷ. ಅದರಲ್ಲೂ ಒಂದು ನಿಮಿಷ, ಕಿವಿಗೆ ಸಿಕ್ಕಿಸಿಕೊಳ್ಳುವ ಆ ಗುಂಡಿಗಳಲ್ಲಿ ಎಡಗಿವಿಯದು ಯಾವುದು, ಬಲಗಿವಿಯದು ಯಾವುದು ಎಂದು ತಿರುಗಿಸಿ ನೋಡುವುದರಲ್ಲಿಯೇ ಕಳೆದುಹೋಯಿತು.

ಹೆಂಡತಿಯ ಆಲ್ಬಮ್ ಎಂದರೆ ಮದುವೆಯ ಫೋಟೋಗಳದ್ದು ಅಂದುಕೊಳ್ಳಬೇಡಿ. ನಮ್ಮ ಸವದತ್ತಿಯಲ್ಲಿ ಸುದ್ದಿ ಹೇಳಿದಾಗ ಹತ್ತರಲ್ಲಿ ಎಂಟು ಜನ ಹಾಗೆಯೇ ತಿಳಿದು, ತೋರಿಸಿರಿ ನೋಡೋಣ ಎಂದು ಕನ್ನಡಕ ಹಾಕಿಕೊಂಡರು. ಇದು ಕೇಳುವ ಆಲ್ಬಮ್. ಆದರೆ ಹಾಡಿನದಲ್ಲ. ಇದರಲ್ಲಿ ತಬಲಾ ಇಲ್ಲ, ಪೇಟಿ ಇಲ್ಲ, ರಾಗ ಇಲ್ಲ. ಇರುವುದು ಮನೋಳಿಯ ಒಂದು ಹಿಟ್ಟಿನ ಗಿರಣಿ. ಪ್ರಾಯೋಗಿಕ ಸಂಗೀತದಲ್ಲಿ ಇಂಡಸ್ಟ್ರಿಯಲ್ ಎಂಬುದೊಂದು ಪಂಥವಿದೆಯಂತೆ. ಪರದೇಶಗಳಲ್ಲಿ ಎಷ್ಟೋ ವರ್ಷಗಳಿಂದ ಜನ ತಗಡು ಬಡಿದು, ಲೇತು ತಿರುಗಿಸಿ, ಡ್ರಿಲ್ಲು ಕೊರೆದು ಅದನ್ನು ಧ್ವನಿಮುದ್ರಿಸುತ್ತಾರೆ. ಕೆಲವರ ಮೊದಲ ಆಲ್ಬಮ್ ಕೇಳಿಯೇ ಒಂದಿಡೀ ಪೀಳಿಗೆ ಗಿಟಾರು ಕೆಳಗಿಟ್ಟು ಸುತ್ತಿಗೆ ಹಿಡಿದಿದೆ. ಇದನ್ನೆಲ್ಲ ನನಗೆ ವಿವರಿಸಿದವಳು ರೇಖಾ, ನನ್ನ ಹೆಂಡತಿಯ ಅಣ್ಣನ ಮಗಳು. ಧಾರವಾಡದ ಒಂದು ಸಣ್ಣ ಸ್ಟುಡಿಯೋದಲ್ಲಿ ಧ್ವನಿಮುದ್ರಣದ ಕೆಲಸ ಮಾಡುತ್ತಾಳೆ. ನಾನು ಅವಳಿಗೆ, ನಮ್ಮ ಬಸ್ ಸ್ಟ್ಯಾಂಡಿನ ಹಿಂದೆ ಟ್ರ್ಯಾಕ್ಟರಿನ ಟ್ರೇಲರ್ ಮಾಡುವವರು ಬೆಳಗಿನಿಂದ ಸಂಜೆಯವರೆಗೆ ಇದನ್ನೇ ಬಾರಿಸುತ್ತಾರೆ, ಒಬ್ಬನಾದರೂ ನಿಂತು ವಾಹವ್ವಾ ಅಂದಿಲ್ಲ ಎಂದೆ. ಅವರು ಮುದ್ರಿಸಿಕೊಂಡಿಲ್ಲವಲ್ಲ ಮಾಮಾ ಎಂದಳು ಅವಳು. ಈ ಕಾಲದ ಮಕ್ಕಳ ಜೊತೆ ವಾದಕ್ಕೆ ಇಳಿಯಬಾರದು.

ನನ್ನ ಉದ್ಯೋಗ ಏನೆಂದು ಹೇಳಿದರೆ ನನ್ನ ಸಂಕಟ ನಿಮಗೆ ತಿಳಿಯುತ್ತದೆ. ನಾನು ಸಂಗೀತದ ಮಾಸ್ತರ. ಶಾಲೆಯ ನೌಕರಿಯಲ್ಲಿದ್ದಾಗಲೂ ಮನೆಯ ಪಡಸಾಲೆಯಲ್ಲಿ ಪೇಟಿ ಇಟ್ಟುಕೊಂಡು ಕಲಿಸುತ್ತಿದ್ದೆ, ನಿವೃತ್ತನಾದ ಮೇಲೂ ಕಲಿಸುತ್ತೇನೆ. ಪೇಟಿ ಎಂದರೆ ಹಾರ್ಮೋನಿಯಂ. ಶಿಷ್ಯರು ಸ್ವರ ತಪ್ಪಿದಾಗ ಬಯ್ಯಲು ನನ್ನ ಬಳಿ ಒಂದೇ ಮಾತಿದೆ. ಅದು ನನ್ನ ಗುರುಗಳಿಂದ ಪಡೆದದ್ದಲ್ಲ, ಸ್ವಂತದ್ದು: "ಇದೇನ್ ಹಾಡೋ, ಗಿರಣಿಯೋ?" ಮೂವತ್ತು ವರ್ಷ ಈ ಮಾತನ್ನು ದಿನಕ್ಕೆ ನಾಲ್ಕು ಸಲದಂತೆ ಹೇಳಿದ್ದೇನೆ. ಆ ಮೂವತ್ತು ವರ್ಷವೂ ಗೋಡೆಯ ಆಚೆ ಅಡುಗೆಮನೆಯಲ್ಲಿ ಗಿರಣಿಯವರ ಮಗಳೊಬ್ಬಳು ರೊಟ್ಟಿ ಬಡಿಯುತ್ತಿದ್ದಳು ಎಂಬುದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಆ ಮಗಳೇ ನೀಲಾ, ನನ್ನ ಹೆಂಡತಿ. ಆ ಮಾತು ಬಂದಾಗ ರೊಟ್ಟಿಯ ಬಡಿತ ಸ್ವಲ್ಪ ಜೋರಾಗುತ್ತಿತ್ತು ಎಂದು ಈಗ ಅನ್ನಿಸುತ್ತದೆ. ಆಗ ನಾನು ಅದನ್ನು ಹಿಟ್ಟಿನ ದೋಷ ಅಂದುಕೊಂಡಿರಬೇಕು.

ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಿಬಿಡಬೇಕು, ಹೇಳಲು ನಾಚಿಕೆಯಾಗುತ್ತದೆ. ಮದುವೆಯಾದ ಮೊದಲ ತಿಂಗಳು, ಹೊಸ ಹುರುಪಿನಲ್ಲಿ, ನೀಲಾಳನ್ನು ಪೇಟಿಯ ಮುಂದೆ ಕೂರಿಸಿದೆ. ಕರಿ ನಾಲ್ಕನೆಯ ಮನೆಯಲ್ಲಿ, ಎಂದರೆ ನಾಲ್ಕನೆಯ ಕಪ್ಪು ಕೀಲಿಯಲ್ಲಿ, ಷಡ್ಜ ಒತ್ತಿ, ಇದಕ್ಕೆ ದನಿ ಸೇರಿಸು ಎಂದೆ. ಸೇರಿಸಿದಳು, ಕೂದಲೆಳೆಯಷ್ಟು ಮೇಲೆ ನಿಂತಿತು. ಸರಿ, ಎತ್ತರದ ದನಿ ಇರಬೇಕೆಂದು ಪಕ್ಕದ ಬಿಳಿ ಆರಕ್ಕೆ ಹೋದೆ. ಈಗ ಅಷ್ಟೇ ಕೆಳಗೆ ನಿಂತಿತು. ಮತ್ತೆ ಕರಿ ನಾಲ್ಕು, ಮತ್ತೆ ಬಿಳಿ ಆರು. ಮೂರು ಸಲ ನೋಡಿ, "ನಿನಗ ಸುರ ಇಲ್ಲ ಬಿಡು" ಎಂದೆ. ಸಿಟ್ಟಿನಿಂದ ಹೇಳಲಿಲ್ಲ. ಮನೆಯಲ್ಲಿ ಸಕ್ಕರೆ ಇಲ್ಲ ಅನ್ನುವಷ್ಟು ಸಹಜವಾಗಿ ಹೇಳಿದೆ. ಅವಳೂ ಅಷ್ಟೇ ಸಹಜವಾಗಿ ಎದ್ದು ಒಳಗೆ ಹೋದಳು. ಆಮೇಲೆ ನನ್ನ ಕಿವಿಗೆ ಬೀಳುವಂತೆ ಅವಳು ಒಂದು ಸಾಲನ್ನೂ ಹಾಡಲಿಲ್ಲ. ಆರತಿಯ ಹೊತ್ತಿನಲ್ಲಿ ಎಲ್ಲರೂ ಹಾಡುವಾಗ ತುಟಿ ಮಾತ್ರ ಆಡಿಸುತ್ತಾಳೆ. ಅದನ್ನು ನಾನು ಗಮನಿಸಿದ್ದೆ. ಪಾಪ, ತನ್ನ ಮಿತಿ ತಿಳಿದವಳು ಎಂದು ಮೆಚ್ಚಿಕೊಂಡೂ ಇದ್ದೆ.

ಇನ್ನು ಗಿರಣಿಯ ಮಾತು. ನೀಲಾಳ ತವರುಮನೆಯ ಗಿರಣಿ ಮನೋಳಿಯಲ್ಲಿ, ಹೊಳೆಯ ಕಡೆಗೆ ಹೋಗುವ ಓಣಿಯ ಬಾಯಲ್ಲಿದೆ. ಅವಳ ಅಪ್ಪ ಹಾಕಿದ್ದು, ಈಗ ಅಣ್ಣ ಈರಣ್ಣ ನಡೆಸುತ್ತಾನೆ. ಅಲ್ಲಿದ್ದದ್ದು ಎಣ್ಣೆಯ ಎಂಜಿನ್. ಆಳೆತ್ತರದ ಗಾಲಿ, ಅದರಿಂದ ಬೀಸುಕಲ್ಲಿಗೆ ಎಳೆದ ಉದ್ದನೆಯ ಪಟ್ಟಾ, ಗೋಡೆ ತೂರಿ ಹೊರಗೆ ಬಂದ ಹೊಗೆಯ ಕೊಳವೆ. ಆ ಕೊಳವೆಯ ಬಾಯಿಗೆ ನಮ್ಮ ಕಡೆಯವರು ತಗಡಿನ ಒಂದು ಟೊಪ್ಪಿಗೆ ಹಾಕುತ್ತಾರೆ. ಹೊಗೆ ಪ್ರತಿ ಸಲ ನೂಕಿದಾಗ ಟೊಪ್ಪಿಗೆ ಎದ್ದು ಬಿದ್ದು ಪುಕ್, ಪುಕ್ ಎಂದು ಕೂಗುತ್ತದೆ. ಇದು ಶೋಕಿಗೆ ಹಾಕಿದ್ದಲ್ಲ. ಗಿರಣಿ ಸುರುವಾಯಿತು, ಬೀಸಿಸಿಕೊಳ್ಳುವವರು ಬರ್ರಿ ಎಂದು ಊರಿಗೆ ಕೊಡುವ ಕರೆ. ಒಬ್ಬರ ಟೊಪ್ಪಿಗೆಯ ದನಿ ಇನ್ನೊಬ್ಬರದನ್ನು ಹೋಲಬಾರದು. ಮನೋಳಿಯ ಇನ್ನೊಂದು ಗಿರಣಿಯದು ಕೀರಲು. ಈರಣ್ಣನದು ಗಡಸು, ಊಟವಾದ ಮೇಲೆ ಹಿರಿಯರು ಕೆಮ್ಮಿದ ಹಾಗೆ. ಹೊಲದಲ್ಲಿ ಕಳೆ ತೆಗೆಯುವ ಹೆಂಗಸರು ತಲೆ ಎತ್ತದೆಯೇ ಯಾರ ಗಿರಣಿ ಸುರುವಾಯಿತೆಂದು ಹೇಳುತ್ತಿದ್ದರು.

ಹೋದ ವರ್ಷ ಈರಣ್ಣ ಎಂಜಿನ್ ತೆಗೆದು ಕರೆಂಟಿನ ಮೋಟಾರು ಕೂರಿಸುವುದೆಂದು ನಿಶ್ಚಯ ಮಾಡಿದ. ಬಿಡಿಭಾಗ ಸಿಗುವುದಿಲ್ಲ, ರಿಪೇರಿ ಬಲ್ಲ ಮಿಸ್ತ್ರಿ ಬೈಲಹೊಂಗಲದಲ್ಲಿ ಒಬ್ಬನೇ ಉಳಿದಿದ್ದಾನೆ, ಅವನಿಗೂ ಮೊಣಕಾಲು ನೋವು. ಸುದ್ದಿ ಕೇಳಿದ ನೀಲಾ ಆ ದಿನ ಊಟ ಮಾಡಲಿಲ್ಲ. ಮರುದಿನ, ಎಂಟು ದಿನ ತವರಿಗೆ ಹೋಗಿ ಬರತೇನಿ ಎಂದು ಚೀಲ ತುಂಬಿದಳು. ನನಗೆ ಎಂಟು ದಿನದ ಚಟ್ನಿಪುಡಿ, ರೊಟ್ಟಿಗೆ ಪಕ್ಕದ ಮನೆಯವರ ವ್ಯವಸ್ಥೆ, ಎಲ್ಲ ಮಾಡಿಟ್ಟು ಹೋದಳು. ಅಲ್ಲಿ ಹೋಗಿ ಮಾಡಿದ್ದೇನೆಂದರೆ, ಮೊಬೈಲು ಹಿಡಿದು ಗಿರಣಿಯ ಮೂಲೆ ಮೂಲೆಯ ಸದ್ದನ್ನೆಲ್ಲ ಸಂಗ್ರಹಿಸಿದಳು. ಬೆಳಿಗ್ಗೆ ಪಟ್ಟಾ ಏರಿಸುವುದು, ಜೋಳ ಸುರಿಯುವುದು, ಗೋಧಿ ಸುರಿಯುವುದು, ಸವೆದ ಬೀಸುಕಲ್ಲಿಗೆ ಈರಣ್ಣ ಉಳಿಯಿಂದ ಮತ್ತೆ ಹಲ್ಲು ಮೂಡಿಸುವುದು, ಹಿಟ್ಟು ಬಟ್ಟೆಯ ಸೊಂಡಿಲಿನಿಂದ ಡಬ್ಬಿಗೆ ಬೀಳುವುದು. ಹಿಟ್ಟು ಬೀಳುವುದಕ್ಕೂ ಸದ್ದಿದೆಯೇ ಎಂದು ಕೇಳಿದ್ದಕ್ಕೆ, ಐತಿ, ಮೆತ್ತಗಿರತೈತಿ ಎಂದಳು.

ಅದನ್ನೆಲ್ಲ ಕೇಳಿದ ರೇಖಾ ಕುಣಿದಾಡಿಬಿಟ್ಟಳಂತೆ. ಅತ್ತೆ ಮತ್ತು ಸೊಸೆ ಇಬ್ಬರೂ ಧಾರವಾಡದ ಸ್ಟುಡಿಯೋದಲ್ಲಿ ಐದಾರು ಭಾನುವಾರ ಕೂತು, ಕತ್ತರಿಸಿ, ಜೋಡಿಸಿ ಐದು ತುಣುಕುಗಳ ಆಲ್ಬಮ್ ಮಾಡಿದರು. ಹೆಸರು 'ಗಿರಣಿ ಚಾಲೂ ಐತಿ'. ಗಿರಣಿಯ ಬಾಗಿಲಿಗೆ ಸುಣ್ಣದಲ್ಲಿ ಬರೆದಿದ್ದ ಮಾತು ಅದು, ಹೊಸದಾಗಿ ಹುಡುಕುವ ತೊಂದರೆ ತಗೊಳ್ಳಲಿಲ್ಲ. ರೇಖಾ ಅದನ್ನು ಅಂತರ್ಜಾಲಕ್ಕೆ ಏರಿಸಿದಳು. ಎಲ್ಲಿಯೋ ಹಿಮ ಬೀಳುವ ದೇಶದವನೊಬ್ಬ, ಇಂಥ ಗಂಭೀರವಾದ ತಳದ ನಾದವನ್ನು ಯಾವ ಯಂತ್ರದಿಂದ ತಯಾರಿಸಿದಿರಿ ಎಂದು ಬರೆದು ಕೇಳಿದ. ಗಿರಣಿಯಿಂದ ಎಂದು ನೀಲಾ ಉತ್ತರ ಬರೆಸಿದಳು. ಅವನು ಅದನ್ನು ಕಲಾವಿದರ ಗೂಢ ಮಾತು ಎಂದುಕೊಂಡು ಇನ್ನಷ್ಟು ಭಕ್ತಿಯಿಂದ ಬರೆದ.

ಇಷ್ಟಾದ ಮೇಲೆ ಒಂದು ದಿನ ನೀಲಾ ಮೊಬೈಲನ್ನೂ ಕಿವಿಗುಂಡಿಗಳನ್ನೂ ನನ್ನ ಮುಂದೆ ತಂದಿಟ್ಟಳು. ಕೇಳ್ರಿ ಎಂದಷ್ಟೇ ಹೇಳಿ ಹಿತ್ತಲಿಗೆ ಹೋದಳು. ಮೊದಲ ತುಣುಕಿನಲ್ಲಿ ಎಂಜಿನ್ ಏಳಲೋ ಬೇಡವೋ ಎಂದು ಎರಡು ನಿಮಿಷ ಅನುಮಾನಿಸಿ ಆಮೇಲೆ ಎದ್ದಿತು. ಎದ್ದಿತಲ್ಲ, ಇನ್ನೇನು ಎಂದು ನಾನು ಗುಂಡಿಗಳನ್ನು ತೆಗೆದು ಪೇಪರ್ ಓದಿದೆ. ಮುಕ್ಕಾಲು ತಾಸಿನ ಮೇಲೆ ಅವಳು ಕೈ ಒರೆಸುತ್ತ ಬಂದು ಎದುರಿಗೆ ನಿಂತಳು.

"ಪೂರ್ತಿ ಕೇಳಿದ್ರಿ?"

"ಕೇಳಿದ್ನೆಲ್ಲ. ಲಯ ಭಾಳ ಚಲೋ ಐತಿ."

"ಕಡೀದು ಹ್ಯಾಂಗ ಅನಿಸ್ತು?"

"ಮುಕ್ತಾಯ ಭಾಳ ಪ್ರೌಢ ಆಗೇತಿ," ಎಂದೆ.

ಅವಳು ನನ್ನನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಮೊಬೈಲು ಎತ್ತಿಕೊಂಡು ಒಳಗೆ ಹೋದಳು. ನನ್ನ ಮೆಚ್ಚುಗೆಯಿಂದ ಅವಳಿಗೆ ಮಾತು ಹೊರಡಲಿಲ್ಲ ಎಂದು ನಾನು ತಿಳಿದೆ. ಗಂಡಸರಿಗೆ ಇಂಥ ತಿಳಿವಳಿಕೆ ಧಾರಾಳವಾಗಿ ಇರುತ್ತದೆ.

ನಮ್ಮ ಶಾಸ್ತ್ರದಲ್ಲಿ ನಾದವನ್ನು ಎರಡು ಬಗೆ ಮಾಡಿದ್ದಾರೆ. ಬಡಿದು, ಮೀಟಿ, ಊದಿ ಹುಟ್ಟಿಸುವುದು ಆಹತ. ಯಾವ ಪೆಟ್ಟೂ ಇಲ್ಲದೆ ತಾನಾಗಿ ಇರುವುದು ಅನಾಹತ. ಅದು ಯೋಗಿಗಳಿಗೆ ಮಾತ್ರ ಕೇಳಿಸುತ್ತದೆ. ಗಿರಣಿಯ ಸಂಗೀತ ಸಂಪೂರ್ಣ ಆಹತ, ಪೆಟ್ಟಿನ ಮೇಲೆ ಪೆಟ್ಟು. ಹಾಗಾದರೆ ವೀಣೆಯ ತಂತಿಗೆ ಬಿದ್ದ ಪೆಟ್ಟು ನಾದವಾಗಿ, ಬೀಸುಕಲ್ಲಿಗೆ ಬಿದ್ದ ಪೆಟ್ಟು ಬರೀ ಸದ್ದಾಗುವುದು ಯಾವ ನ್ಯಾಯ? ಶಾಸ್ತ್ರಕಾರರು ಈ ಪ್ರಶ್ನೆಯ ಸುತ್ತ ಹಾಯ್ದುಹೋಗಿದ್ದಾರೆ. ಅವರ ಕಾಲದಲ್ಲಿ ಮನೆಯ ಹೆಂಗಸರು ಬೆಳಗಿನ ಜಾವದಲ್ಲಿ ಬೀಸುತ್ತಿದ್ದರು. ಶಾಸ್ತ್ರಕಾರರು ಆಗ ಮಲಗಿರುತ್ತಿದ್ದರೆಂದು ಕಾಣುತ್ತದೆ. ಈ ವಿಚಾರವನ್ನೆಲ್ಲ ನಾನು ಸ್ವತಃ ಕಂಡುಕೊಂಡದ್ದು ಮನೋಳಿಯಲ್ಲಿ ಭಾಷಣ ಮಾಡಬೇಕಾಗಿ ಬಂದಾಗ. ಕೇಳದೆ ಹೊಗಳುವವನಿಗೆ ಶಾಸ್ತ್ರದಂಥ ಆಸರೆ ಇನ್ನೊಂದಿಲ್ಲ.

ಭಾಷಣದ ಪ್ರಸಂಗ ಬಂದದ್ದು ಹೀಗೆ. ಆಲ್ಬಮ್ಮನ್ನು ಎಲ್ಲರೂ ಒಟ್ಟಿಗೆ ಕೂತು ಕೇಳುವ ಒಂದು ಕಾರ್ಯಕ್ರಮ ಆಗಬೇಕು, ಅದು ಗಿರಣಿಯಲ್ಲಿಯೇ ಆಗಬೇಕು ಎಂದು ರೇಖಾ ಹಟ ಹಿಡಿದಳು. ಅಷ್ಟರಲ್ಲಿ ಎಂಜಿನ್ ಹೋಗಿ ಮೋಟಾರು ಬಂದು ಹದಿನೈದು ದಿನವಾಗಿತ್ತು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಗಿರಣಿಯ ಕಟ್ಟೆಯ ಮೇಲೆ ಎರಡು ದೊಡ್ಡ ಸ್ಪೀಕರ್ ಇಟ್ಟರು. ರೇಖಾಳ ಸ್ನೇಹಿತರು ಮೂವರು, ಊರಿನ ಸಾಲಿಯ ಮಾಸ್ತರರು ಇಬ್ಬರು, ಮನೆಯ ಮಂದಿ, ಹೀಗೆ ಹದಿನೈದು ಜನ ಜಮಖಾನೆಯ ಮೇಲೆ ಕೂತೆವು. ನನ್ನನ್ನು ಮುಂದೆ ಕುರ್ಚಿಯ ಮೇಲೆ, ಎಲ್ಲರ ಕಡೆಗೆ ಮುಖ ಮಾಡಿ ಕೂರಿಸಿದರು. ನಾನು ಆಹತ ಅನಾಹತಗಳನ್ನು ಬಿಚ್ಚಿದೆ. ಕೇಳುವವರು ತಲೆದೂಗುತ್ತಿರುವುದನ್ನು ಕಂಡು ಹುರುಪು ಹೆಚ್ಚಾಯಿತು. "ಈ ಆಲ್ಬಮ್ಮನ್ನ ನಾನು ಮೂರು ಸಲ ಕೇಳೇನಿ" ಎಂದುಬಿಟ್ಟೆ. ಸುಳ್ಳಿನ ಸ್ವಭಾವವೇ ಹಾಗೆ, ಮನೆಯಲ್ಲಿ ಒಂದಿದ್ದದ್ದು ವೇದಿಕೆ ಸಿಕ್ಕರೆ ಮೂರಾಗುತ್ತದೆ. ನೀಲಾ ಕಂಬಕ್ಕೊರಗಿ ಕೂತು ಸೀರೆಯ ಸೆರಗಿನ ಅಂಚನ್ನು ನೋಡುತ್ತಿದ್ದಳು.

ರೇಖಾ ಗುಂಡಿ ಒತ್ತಿದಳು. ಎಂಜಿನ್ ಅನುಮಾನಿಸಿತು, ಎದ್ದಿತು, ಟೊಪ್ಪಿಗೆ ಪುಕ್, ಪುಕ್ ಎಂದು ಓಣಿಯ ತುಂಬ ಕೂಗತೊಡಗಿತು. ನನಗೆ ಗೊತ್ತಿದ್ದ ನಾಲ್ಕು ನಿಮಿಷ ಮುಗಿದವು. ಐದನೆಯ ನಿಮಿಷಕ್ಕೆ ಓಣಿಯ ತಿರುವಿನಲ್ಲಿ ಒಬ್ಬ ಹೆಂಗಸು ತಲೆಯ ಮೇಲೆ ಜೋಳದ ಡಬ್ಬಿ ಹೊತ್ತುಕೊಂಡು ಬರುವುದು ಕಂಡಿತು. ಅವಳ ಹಿಂದೆ ಇಬ್ಬರು. ಎದುರಿನ ಓಣಿಯಿಂದ ಮತ್ತೆ ನಾಲ್ವರು, ಅವರ ಬೆನ್ನಿಗೆ ಇನ್ನೂ ಅನೇಕರು. ಮೋಟಾರು ಬಂದ ಮೇಲೆ ಅವರಿಗೆಲ್ಲ ಗಿರಣಿ ಯಾವಾಗ ಸುರುವಾಗುತ್ತದೆ, ಯಾವಾಗ ನಿಲ್ಲುತ್ತದೆ ಎಂಬುದೇ ತಿಳಿಯುತ್ತಿರಲಿಲ್ಲವಂತೆ. ಮೋಟಾರು ತನ್ನಷ್ಟಕ್ಕೆ ತಾನು ಗುಂಯ್‌ಗುಡುತ್ತದೆ, ಊರಿಗೆ ಹೇಳುವುದಿಲ್ಲ. ಹದಿನೈದು ದಿನದ ಮೇಲೆ ಹಳೆಯ ಕೂಗು ಕೇಳಿದಾಗ, ಈರಣ್ಣನಿಗೆ ಬುದ್ಧಿ ಬಂತು, ಎಂಜಿನ್ ತಿರುಗಿ ತಂದ ಎಂದು ಸಂತೋಷಪಟ್ಟು ಕೈಯಲ್ಲಿದ್ದ ಕೆಲಸ ಬಿಟ್ಟು ಬಂದಿದ್ದರು.

ನಮ್ಮ ಕಡೆ ಗಿರಣಿಯಲ್ಲಿ ಪಾಳಿ ಹಿಡಿಯುವವರು ಮನುಷ್ಯರಲ್ಲ, ಡಬ್ಬಿಗಳು. ಡಬ್ಬಿಯನ್ನು ಸಾಲಿನಲ್ಲಿ ಇಟ್ಟು ನೀವು ನೆರಳಿಗೆ ಹೋಗಿ ಕೂರಬಹುದು. ನಿಮ್ಮ ಡಬ್ಬಿಯನ್ನು ದಾಟಿ ಯಾರೂ ಮುಂದೆ ಹೋಗುವುದಿಲ್ಲ. ಹೆಂಗಸರು ಬಂದವರೇ, ರೂಢಿಯಂತೆ, ಡಬ್ಬಿಗಳನ್ನು ಕಟ್ಟೆಯ ಮುಂದೆ ಸ್ಪೀಕರಿಗೆ ಎದುರಾಗಿ ಸಾಲಾಗಿ ಇಟ್ಟರು. ಈರಣ್ಣ ಕೈಮುಗಿದು, ಇದು ಗಿರಣಿಯಲ್ಲ, ಗಿರಣಿಯ ರೆಕಾರ್ಡು, ಮುಗಿದ ಮೇಲೆ ಮೋಟಾರಿನಲ್ಲಿ ಬೀಸಿಕೊಡುತ್ತೇನೆ ಎಂದು ಬೇಡಿಕೊಂಡ. ಬಂದದ್ದು ಬಂದೆವು ಎಂದು ಅವರು ಜಮಖಾನೆಯ ಮೇಲೆ, ಜಮಖಾನೆ ಮುಗಿದಲ್ಲಿ ನೆಲದ ಮೇಲೆ ಕೂತರು. ಹದಿನೈದು ಜನರ ಸಭೆ ಐವತ್ತಾಯಿತು. ರೇಖಾಳ ಸ್ನೇಹಿತರಲ್ಲಿ ಒಬ್ಬ ಇಂಥ ಸಂಗೀತಕ್ಕೆ ಇಷ್ಟು ಜನ ಸೇರಿದ್ದನ್ನು ತಾನು ಎಲ್ಲಿಯೂ ನೋಡಿಲ್ಲವೆಂದ. ಡಬ್ಬಿಗಳನ್ನೂ ಎಣಿಸಿದ್ದನೋ ಏನೋ.

ಆಮೇಲೆ ನಡೆದದ್ದು ವಿಮರ್ಶೆ. ನಾನು ಸಂಗೀತದ ಸಭೆಗಳಲ್ಲಿ ಬಹಳ ವಿಮರ್ಶೆ ಕೇಳಿದ್ದೇನೆ, ಮಾಡಿದ್ದೇನೆ, ಇಂಥದ್ದು ಕೇಳಿರಲಿಲ್ಲ. ಎಲ್ಲರಿಗಿಂತ ಮುಂದೆ ಕೂತಿದ್ದ ಬಾಳವ್ವ ಎಂಬ ಮುದುಕಿ, ಈರಣ್ಣನ ಗಿರಣಿಗೆ ಮೊದಲ ದಿನದಿಂದ ಬರುವವಳು, ಎರಡನೆಯ ತುಣುಕು ಸುರುವಾಗಿ ಅರ್ಧ ನಿಮಿಷವಾಗಿರಲಿಲ್ಲ, "ಹಸಿ ಜೋಳ ಹಾಕ್ಯಾರ. ಇನ್ನಾ ಎರಡ ದಿನ ಬಿಸಲಾಗ ಇರಬೇಕಿತ್ತು" ಎಂದಳು. ಈರಣ್ಣ ನಾಲಿಗೆ ಕಚ್ಚಿಕೊಂಡು, ಹೌದು, ಅವತ್ತಿನ ಜೋಳ ಹಸಿಯಿತ್ತು ಎಂದು ಒಪ್ಪಿದ. ಮೂರನೆಯದರಲ್ಲಿ ಕಲ್ಲಿಗೆ ಉಳಿ ಬೀಳುವ ಟಿಕ್‌ಟಿಕ್ ಕೇಳಿ ಇನ್ನೊಬ್ಬಳು ಉಳಿ ಮೊಂಡಾಗಿದೆ ಎಂದಳು. ನಾಲ್ಕನೆಯದರಲ್ಲಿ ಹಿಟ್ಟು ಬೀಳುವ ಸದ್ದು, ನೀಲಾ ಹೇಳಿದ್ದ ಮೆತ್ತಗಿನದು, ಬಂದಾಗ ಕೆಲವರು ಬೆರಳುಗಳನ್ನು ಒಂದಕ್ಕೊಂದು ಉಜ್ಜಿ ನೋಡಿಕೊಂಡರು, ಹಿಟ್ಟು ಸಣ್ಣಗೆ ಬಿದ್ದಿದೆಯೋ ಇಲ್ಲವೋ ಎಂದು ಗಿರಣಿಯಲ್ಲಿ ನೋಡುವ ಹಾಗೆ. ನನಗೆ ಆಗಲೇ ಸ್ವಲ್ಪ ಮುಜುಗರವಾಗತೊಡಗಿತ್ತು. ಮೂರು ಸಲ ಕೇಳಿದ ಪಂಡಿತನಿಗೆ ಕಾಣದ್ದು ಒಂದೇ ಸಲಕ್ಕೆ ಇವರಿಗೆ ಕಾಣುತ್ತಿತ್ತಲ್ಲ.

ಐದನೆಯದು, ಕಡೆಯದು. ಎಂಜಿನ್ ಪೂರ್ತಿ ವೇಗದಲ್ಲಿತ್ತು, ಕಲ್ಲು ತಿರುಗುತ್ತಿತ್ತು. ಬಹಳ ಹೊತ್ತು ಅಷ್ಟೇ. ಆಮೇಲೆ ಈರಣ್ಣ ಎಣ್ಣೆಯನ್ನು ಬಂದ್ ಮಾಡಿರಬೇಕು, ಪುಕ್‌ಗಳ ನಡುವೆ ಎಡೆ ಬೀಳತೊಡಗಿತು. ಆ ಎಡೆಯಲ್ಲಿ ಏನೋ ಇತ್ತು. ಮೊದಲು ಅದು ಕಲ್ಲಿನ ಗುಂಯ್‌ಗಾಟದ ಒಂದು ಎಳೆ ಅಂದುಕೊಂಡೆ. ಎಂಜಿನ್ ಇನ್ನಷ್ಟು ನಿಧಾನವಾಯಿತು, ಎಳೆ ದಪ್ಪವಾಯಿತು. ಅದು ಹೆಂಗಸಿನ ದನಿ. ಯಾರೋ ಗಿರಣಿಯೊಳಗೆ ಕೂತು ಬೀಸುವ ಪದ ಹಾಡುತ್ತಿದ್ದರು. ಎಂಜಿನ್ನಿನ ಸ್ವರ ಇಳಿಯುತ್ತ ಇಳಿಯುತ್ತ ಹೋಗಿ ನಿಂತಿತು. ಆ ದನಿ ಇಳಿಯಲಿಲ್ಲ. ಎಂಜಿನ್ ಮೊದಲು ಎಲ್ಲಿತ್ತೋ ಅಲ್ಲಿಯೇ ನಿಂತು, ಗಟ್ಟಿಯಾಗಿ, ತುಂಬಿಕೊಂಡು, ನಿಶ್ಶಬ್ದದಲ್ಲಿ ಎರಡು ಸಾಲು ಹಾಡಿತು. ಆಮೇಲೆ ತಾನೊಬ್ಬಳೇ ಉಳಿದಿದ್ದೇನೆಂದು ಗೊತ್ತಾಗಿ, ಸಣ್ಣಗೆ ನಕ್ಕು, ನಿಂತುಬಿಟ್ಟಿತು.

ಆಲ್ಬಮ್ ಮುಗಿದಿತ್ತು. ಬಾಳವ್ವ ನನ್ನ ಕಡೆ ನೋಡಿ, ಊರಿಗೆಲ್ಲ ಗೊತ್ತಿರುವ ವಿಷಯವನ್ನು ಪರವೂರಿನವನಿಗೆ ತಿಳಿಸುವಂತೆ ಹೇಳಿದಳು: "ನಮ್ಮ ನೀಲವ್ವನ ದನಿ ಇದು. ಸಣ್ಣಾಕಿ ಇದ್ದಾಗ ಗಿರಣಿ ನಿಂತಾಗೊಮ್ಮೆ ಓಣಿಗೆಲ್ಲ ಕೇಳಸತಿತ್ತು."

ಎಲ್ಲರ ಕಡೆಗೆ ಮುಖ ಮಾಡಿ ಕುರ್ಚಿಯ ಮೇಲೆ ಕೂತವನು ನಾನು. ಮುಖ ಎಲ್ಲಿ ಇಟ್ಟುಕೊಳ್ಳಬೇಕು ಹೇಳಿ. ಮೂವತ್ತು ವರ್ಷ ಒಂದೇ ಸೂರಿನ ಕೆಳಗೆ ಇದ್ದವನಿಗೆ ಗೊತ್ತಿಲ್ಲದ ದನಿ ಮನೋಳಿಯ ಒಂದಿಡೀ ಓಣಿಗೆ ಗೊತ್ತಿತ್ತು. ಅದೂ ಎಂಥ ದನಿ! ನನ್ನ ಕೈಯಲ್ಲಿ ಕಲಿತ ನೂರಾರು ಶಿಷ್ಯರಲ್ಲಿ ಸ್ವರವನ್ನು ಹಾಗೆ ಹಿಡಿದು ನಿಂತವರನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು. ಯಾವ ಸ್ವರ ಎಂದು ನನ್ನ ಹಾಳು ಕಿವಿ ಅಲ್ಲಿಯೇ ಲೆಕ್ಕ ಹಾಕಿತು: ಕರಿ ನಾಲ್ಕಕ್ಕಿಂತ ಕೂದಲೆಳೆಯಷ್ಟು ಮೇಲೆ, ಬಿಳಿ ಆರಕ್ಕಿಂತ ಅಷ್ಟೇ ಕೆಳಗೆ. ಅವಳ ಅಪ್ಪನ ಎಂಜಿನ್ ಗುಂಯ್‌ಗುಡುತ್ತಿದ್ದುದು ಅಲ್ಲಿ. ಹುಟ್ಟಿದಾಗಿನಿಂದ ಆ ಹುಡುಗಿಯ ಷಡ್ಜ ಅದೇ. ಅವಳಿಗೆ ಸುರವಿತ್ತು. ಅದಕ್ಕೆ ನನ್ನ ಪೇಟಿಯಲ್ಲಿ ಮನೆ ಇರಲಿಲ್ಲ, ಅಷ್ಟೇ. ಎರಡು ಮನೆಗಳ ನಡುವಿನ ಗೋಡೆಯ ಮೇಲೆ ನಿಂತವಳನ್ನು ಮನೆಯೇ ಇಲ್ಲದವಳು ಎಂದುಬಿಟ್ಟಿದ್ದೆ. ನನಗೆ ದುಃಖವಾಯಿತು. ಇದನ್ನು ಬೇರೆ ಮಾತಿನಲ್ಲಿ ಹೇಳಲು ನನಗೆ ಬರುವುದಿಲ್ಲ. ಕಣ್ಣು ತುಂಬಿ ಬಂದವು, ಒರೆಸಿಕೊಂಡೆ. ಗಿರಣಿಯಲ್ಲಿ ಹಿಟ್ಟಿನ ಧೂಳು ಇರುತ್ತದಾದ್ದರಿಂದ ಯಾರೂ ಏನೂ ಕೇಳಲಿಲ್ಲ.

ರೇಖಾ ಆಮೇಲೆ ಹೇಳಿದಳು. ಧ್ವನಿಮುದ್ರಿಸುವಾಗ ತಾನು ಹಾಡುತ್ತಿದ್ದೇನೆಂಬ ಎಚ್ಚರವೇ ನೀಲಾಳಿಗೆ ಇರಲಿಲ್ಲವಂತೆ. ಎಂಜಿನ್ನಿನ ಹತ್ತಿರ ಕೂತರೆ ಬಾಯಿ ತಾನಾಗಿ ತೆರೆಯುವ ಹಳೆಯ ರೂಢಿ. ಸ್ಟುಡಿಯೋದಲ್ಲಿ ದನಿ ಸಿಕ್ಕಾಗ ರೇಖಾ, ಇದನ್ನು ಕತ್ತರಿಸಲೋ ಇಡಲೋ ಎಂದು ಕೇಳಿದಳು. ಅತ್ತೆ ಅದನ್ನು ಇನ್ನೊಮ್ಮೆ ಹಚ್ಚಿಸಿ ಕೇಳಿ, ಇರಲಿ, ಕಡೀಕ ಇರಲಿ ಎಂದಳಂತೆ.

ಈರಣ್ಣ ಎಲ್ಲರ ಡಬ್ಬಿಗಳನ್ನೂ ಪಾಳಿ ತಪ್ಪದಂತೆ ಬೀಸಿಕೊಟ್ಟ. ಊಟವಾಯಿತು. ಮಧ್ಯಾಹ್ನದ ಬಸ್ಸಿನಲ್ಲಿ ಸವದತ್ತಿಗೆ ಹೊರಟೆವು. ನೀಲಾ ಕಿಟಕಿಯ ಪಕ್ಕ, ತೊಡೆಯ ಮೇಲೆ ಅತ್ತಿಗೆ ಕೊಟ್ಟ ಹೊಸ ಹಿಟ್ಟಿನ ಚೀಲ. ಮಲಪ್ರಭೆ ದಾಟುವವರೆಗೆ ನಾನು ಮಾತು ಕೂಡಿಸಿಕೊಳ್ಳುತ್ತಿದ್ದೆ. ಆಮೇಲೆ, ನಾನು ಅವತ್ತು ಪೂರ್ತಿ ಕೇಳಿರಲಿಲ್ಲ ಎಂದೆ. ಗೊತ್ತೈತಿ ಎಂದಳು. ಕಡೆಯದು ಹೇಗಿತ್ತು ಎಂದು ಕೇಳಿದಾಗ ನಾನು ಕೊಟ್ಟ ಉತ್ತರದಲ್ಲಿಯೇ ಗೊತ್ತಾಯಿತಂತೆ. ಮತ್ತೆ ಯಾಕೆ ಸುಮ್ಮನಿದ್ದೆ, ಎಂಥ ದನಿ ನಿನ್ನದು, ನನ್ನ ಮುಂದೆ ಒಂದು ಸಲವಾದರೂ ಹಾಡಬಾರದಿತ್ತೇ ಎಂದು ನಾನು ತಪ್ಪನ್ನು ಅವಳ ಚೀಲಕ್ಕೇ ಹಾಕಲು ಹೊರಟೆ. ಅವಳು ಕಿಟಕಿಯಿಂದ ಮುಖ ತಿರುಗಿಸಿದಳು. ಸಿಟ್ಟಿರಲಿಲ್ಲ, ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

"ಎಂಜಿನ್ ಬಾಜೂಕ ಕುಂತ್ರ ಯಾರಿಗೂ ಕೇಳಸೂದಿಲ್ರಿ. ಅದಕ್ಕ ಹಾಡತೇನಿ. ನೀವು ಕೇಳಾಕ ಹತ್ತೀರಿ ಅಂತ ಗೊತ್ತಾದ್ರ ನನ್ನ ಬಾಯಿನ ತೆರಿಯೂದಿಲ್ಲ."

ಚೀಲ ಭಾರವಾಗಿರಬೇಕು ಇಲ್ಲಿ ಕೊಡು ಎಂದು ಅದನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. ಹಿಟ್ಟು ಇನ್ನೂ ಬೆಚ್ಚಗಿತ್ತು.

ಒಂದು ಮೊದಲ ಆಲ್ಬಮ್ ಪ್ರಭಾವಶಾಲಿ ಹೌದೋ ಅಲ್ಲವೋ ಎಂದು ತಿಳಿಯಲು ವರ್ಷಗಳು ಬೇಕಂತೆ. ನಮ್ಮ ಕಡೆ ಅಷ್ಟು ಬೇಕಾಗಲಿಲ್ಲ. ಈರಣ್ಣ ಈಗ ದಿನ ಬೆಳಿಗ್ಗೆ ಮೋಟಾರು ಹಾಕುವ ಮೊದಲು ಆಲ್ಬಮ್ಮಿನ ಮೊದಲ ತುಣುಕನ್ನು ಸ್ಪೀಕರಿನಲ್ಲಿ ಹಚ್ಚುತ್ತಾನೆ, ಡಬ್ಬಿಗಳು ಬರುತ್ತವೆ. ಹಿಮದ ದೇಶದವನಿಗೆ ಇದನ್ನು ಬರೆದು ತಿಳಿಸಿದಾಗ ಅವನು ದಿಗ್ಭ್ರಮೆಗೊಂಡ. ಪ್ರಾಯೋಗಿಕ ಸಂಗೀತ ಹೀಗೆ ಉಪಯೋಗಕ್ಕೆ ಬಿದ್ದದ್ದು ಅವನಿಗೆ ಗೊತ್ತಿರಲಿಲ್ಲ. ರಾಮದುರ್ಗದ ನೇಕಾರನೊಬ್ಬ ತನ್ನ ಎಂಟು ಮಗ್ಗಗಳ ಸದ್ದು ಕಳಿಸಿ ಅಭಿಪ್ರಾಯ ಕೇಳಿದ್ದಾನೆ. ಬೈಲಹೊಂಗಲದಿಂದ ಹತ್ತಿಯ ಗಿರಣಿಯೊಂದು ಬಂದಿದೆ, ಕಿತ್ತೂರಿನ ಕಡೆಯಿಂದ ಕಬ್ಬಿನ ಗಾಣ. ಚಚಡಿಯಿಂದ ಒಬ್ಬರು ಹಳೆಯ ಹೆಬ್ಬಾಗಿಲೊಂದು ತೆರೆಯುವ ಕಿರುಗುಟ್ಟುವಿಕೆಯನ್ನು ಒಂಬತ್ತು ನಿಮಿಷ ಮುದ್ರಿಸಿ ಕಳಿಸಿದ್ದಾರೆ. ಎಲ್ಲವನ್ನೂ ಪೂರ್ತಿ ಕೇಳುತ್ತೇನೆ, ಬಾಗಿಲನ್ನು ಕೂಡ. ಯಾವುದರ ಕಡೆಯಲ್ಲಿ ಯಾರ ದನಿ ಇರುತ್ತದೋ ಯಾರಿಗೆ ಗೊತ್ತು. ಶಿಷ್ಯರನ್ನು ಬಯ್ಯಲು ಮಾತ್ರ ಹೊಸ ಮಾತೊಂದು ಸಿಗದೆ ಒದ್ದಾಡುತ್ತಿದ್ದೇನೆ.

ಮನೆಯಲ್ಲಿ ಎಂಜಿನ್ ಇಲ್ಲ. ಆದರೆ ಮಿಕ್ಸರ್ ಇದೆ. ಈಚೆಗೆ ನೀಲಾ ಬೆಳಿಗ್ಗೆ ಮಿಕ್ಸರ್ ಹಾಕಿದಾಗ ಅದರ ಗದ್ದಲದ ಕೆಳಗೆ ಏನೋ ನಡೆದಿರುತ್ತದೆ. ಮಿಕ್ಸರ್ ನಿಂತ ಮೇಲೂ ಅದು ತುಸು ಮುಂದುವರಿಯುತ್ತದೆ. ಮೊದಮೊದಲು ಅರ್ಧ ಸಾಲು, ಆಮೇಲೆ ಒಂದು, ಈಗ ಎರಡು ಮೂರು. ನಾನು ಪಡಸಾಲೆಯಲ್ಲಿ ಪೇಪರ್ ಹಿಡಿದು ಕೂತಿರುತ್ತೇನೆ. ಸುಮ್ಮನೆ ಕೂತರೆ ಕೇಳುತ್ತಿದ್ದೇನೆಂದು ತಿಳಿದು ನಿಲ್ಲಿಸಿಬಿಟ್ಟಾಳು ಎಂದು ಆಗಾಗ ಪುಟ ತಿರುವಿ ಸದ್ದು ಮಾಡುತ್ತೇನೆ. ಮೊನ್ನೆ ಪೇಪರಿನವನು ಬರಲಿಲ್ಲ. ಕೈಗೆ ಸಿಕ್ಕ ಹಿಂದಿನ ದಿನದ್ದನ್ನೇ ಹಿಡಿದು ಪರಪರ ತಿರುವುತ್ತಿದ್ದೆ. ಒಳಗೆ ಹಾಡು ನಿಂತಿತು. ನೀಲಾ ಚಹಾ ತಂದು ನನ್ನ ಮುಂದೆ ಇಟ್ಟಳು, ಪೇಪರಿನ ಕಡೆ ಒಮ್ಮೆ ನೋಡಿದಳು.

"ಅದು ನಿನ್ನೀದು," ಎಂದಳು.

ಒಳಗೆ ಹೋದಳು. ಮಿಕ್ಸರ್ ಹಾಕಲಿಲ್ಲ. ಬಿಟ್ಟ ಸಾಲಿನಿಂದಲೇ ಹಾಡು ಮತ್ತೆ ಸುರುವಾಯಿತು. ನಾನು ಪುಟ ತಿರುವಿದೆ.